ಜ್ವರ ಬಾರದ ಮನೆಗಳು

ಆ ಹಾಳೆಯನ್ನು ನಾನು ಹರಿದು ಹಾಕಿಲ್ಲ. ಲ್ಯಾಬಿನ ಕಪಾಟಿನ ಬಾಗಿಲಿಗೆ, ಒಳಮಗ್ಗುಲಲ್ಲಿ ಅಂಟಿಸಿದ್ದೇನೆ. ಸ್ಕೇಲ್ ಇಟ್ಟು ಎಳೆದ ಗೆರೆಗಳು, ನೀಟಾಗಿ ಬರೆದ ಐದು ಕಾಲಂ: ಮನೆ, ಜ್ವರ ಬಂದವರು, ಎಷ್ಟು ದಿನದಿಂದ, ಕುಡಿಯುವ ನೀರು, ಪರಊರಿಗೆ ಹೋಗಿ ಬಂದದ್ದು. ಆರನೆಯ ಕಾಲಂ ಮಾತ್ರ ಅಂಚಿನಲ್ಲಿ ಇಕ್ಕಟ್ಟಾಗಿ, ಬೇರೆ ಪೆನ್ನಿನಲ್ಲಿದೆ. ಅದರ ತಲೆಯ ಮೇಲೆ 'ಆಯಿ ಬಂದಿದ್ದಳೇ?' ಎಂದಿದೆ. ನನ್ನ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ಎರಡು ಶಬ್ದಗಳಲ್ಲಿದೆ.

ನಾನು ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲೂಕಿನ ಒಂದು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಮನುಷ್ಯರಿಗಿಂತ ಅವರ ರಕ್ತದ ಜೊತೆ ನನಗೆ ಸಲುಗೆ ಹೆಚ್ಚು, ಏಕೆಂದರೆ ರಕ್ತ ಎದುರು ಮಾತಾಡುವುದಿಲ್ಲ. ಆ ಚಳಿಗಾಲದಲ್ಲಿ, ಕುರಿಗಳು ಈಯುವ ದಿನಗಳಲ್ಲಿ, ಒಂದೇ ವಸ್ತಿಯಿಂದ ಒಬ್ಬರ ಹಿಂದೊಬ್ಬರು ಜ್ವರದವರು ಬರತೊಡಗಿದರು. ಮಾಡಗ್ಯಾಳದಿಂದ ಆಚೆ, ಕಚ್ಚಾ ರಸ್ತೆ ಮುಗಿಯುವಲ್ಲಿ ಇರುವ ಕುರಿಗಾರರ ವಸ್ತಿ ಅದು. ಎಲ್ಲರದ್ದೂ ಒಂದೇ ತರಹದ ಜ್ವರ. ಸಂಜೆಗೆ ಏರುವುದು, ರಾತ್ರಿಯೆಲ್ಲ ಬೆವರು, ಬೆಳಿಗ್ಗೆ ಇಳಿಯುವುದು, ಸೊಂಟ ಮತ್ತು ಮೊಣಕಾಲು ಹಿಡಿದುಕೊಳ್ಳುವುದು. ಮಲೇರಿಯಾಕ್ಕೆ ನೋಡಿದೆ, ಇಲ್ಲ. ಟೈಫಾಯ್ಡ್ ಪರೀಕ್ಷೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಮಾತ್ರೆ ಕೊಟ್ಟರೆ ಇಳಿದು, ಹದಿನೈದು ದಿನಕ್ಕೆ ಮತ್ತೆ ಬರುತ್ತಿತ್ತು.

ನಮ್ಮ ಡಾಕ್ಟರು ಸಾಂಗಲಿಯ ಕಬ್ಬಿನ ಸೀಮೆಯಿಂದ ಬಂದ ತರುಣ. ಆಗಿನ್ನೂ ಅವರಿಗೆ ಬರುತ್ತಿದ್ದ ಕನ್ನಡವೆಂದರೆ 'ಏನಾಗೇತಿ' ಮತ್ತು 'ನಾಲಗಿ ತಗೀರಿ', ಅಷ್ಟೇ. ಮನೆಮನೆಗೆ ಹೋಗುವ ಆರೋಗ್ಯ ಸೇವಕರ ಜಾಗ ಖಾಲಿ ಇತ್ತು. ಹಾಗಾಗಿ ಅವರು ಮರಾಠಿಯಲ್ಲಿ ನನ್ನನ್ನೇ ಕೇಳಿಕೊಂಡರು: ನಿಮಗೆ ಅವರ ಮಾತು ಬರುತ್ತದೆ, ಹೋಗಿ ಒಂದು ಪಟ್ಟಿ ಮಾಡಿಕೊಂಡು ಬನ್ನಿ, ಏನಾದರೂ ಸಮಾನ ಅಂಶ ಸಿಗುತ್ತದಾ ನೋಡೋಣ. ನಾನು ಗೊಣಗಿದೆ. ಆದರೆ ಸ್ಕೇಲು, ಪೆನ್ನು, ಗೆರೆ ಎಂದರೆ ನನಗೆ ಆಸೆ. ಮಾರನೆಯ ದಿನ ಸ್ಕೂಟಿಯ ಹಿಂದೆ ಆ ವಸ್ತಿಯ ಆಶಾ ಕಾರ್ಯಕರ್ತೆಯನ್ನು, ಎಲ್ಲರೂ ಆಶಾತಾಯಿ ಎನ್ನುವವಳನ್ನು, ಕೂರಿಸಿಕೊಂಡು ಹೊರಟೆ.

ಜ್ವರದ ಮನೆಗಳು ಒಂಬತ್ತು. ಮೊದಲೆರಡು ಮನೆಗಳಲ್ಲಿ ನೀರು, ಊಟ, ಸಂತೆ ಎಂದು ಕೇಳಿ ಬರೆದುಕೊಂಡೆ. ಕುರಿಯ ಬಗ್ಗೆ ಕೇಳಲಿಲ್ಲ. ಆ ವಸ್ತಿಯಲ್ಲಿ ಕುರಿ ಇದೆಯೇ ಎಂದು ಕೇಳುವುದು, ನೀವು ಉಸಿರಾಡುತ್ತೀರಾ ಎಂದು ಕೇಳಿದ ಹಾಗೆ ಎಂದುಕೊಂಡೆ. ಮೂರನೆಯ ಮನೆ ವಸ್ತಿಯ ಹಿರಿಯರದು. ಅವರ ಮಗ, ಸೊಸೆ ಇಬ್ಬರೂ ಕಂಬಳಿ ಹೊದ್ದು ಮಲಗಿದ್ದರು. ಹಿರಿಯರು ಒಂದು ಲೋಟ ಹಾಲು ಕೊಟ್ಟು, ಕುಡಿಯುವ ತನಕ ಕಾದು, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು.

"ನೀರು ಗೀರು ಏನೂ ಅಲ್ರಿ ಅಕ್ಕಾರ. ಆಯಿ ನಮ್ಮ ಹಟ್ಟಿಗಿ ಬಂದು ಹೋದ ಮ್ಯಾಲ ಸುರು ಆತು. ಆಕಿ ಕೈಗುಣ ಕೆಟ್ಟೈತಿ."

ಆಯಿ ಆ ವಸ್ತಿಯಲ್ಲಿ ಕುರಿಗಳ ಸೂಲಗಿತ್ತಿ. ಮರಿ ಅಡ್ಡ ಸಿಕ್ಕಿಕೊಂಡರೆ, ಈದ ಮೇಲೆ ಮರಿಯ ಹಿಂದೆ ಬರುವ ಮಾಸದ ಚೀಲ ಬೀಳದಿದ್ದರೆ ಆಕೆಗೇ ಹೇಳಿ ಕಳಿಸುತ್ತಾರೆ. ಆಕೆ ಹಟ್ಟಿಗೆ, ಅಂದರೆ ಅವರ ಕುರಿದೊಡ್ಡಿಗೆ ಹೋಗಿ, ಕುರಿಯೊಳಗೆ ಕೈ ಹಾಕಿ ಬಿಡಿಸುತ್ತಾಳೆ. ಸುಗ್ಗಿಯಲ್ಲಿ ಜೋಳ, ಉಣ್ಣೆ ಕತ್ತರಿಸುವಾಗ ಒಂದು ಪಾಲು, ಇದೇ ಆಕೆಯ ಬದುಕು. ಆ ಸುತ್ತಿನಲ್ಲಿ ಆಕೆಯ ಕೈಗುಣವನ್ನು ಹೊಗಳದವರೇ ಇರಲಿಲ್ಲ. ಈಗ ಅದೇ ಕೈ ಕೆಟ್ಟಿತು ಎನ್ನುತ್ತಿದ್ದರು.

ನಾಲ್ಕನೆಯ ಮನೆಯಲ್ಲೂ ಅದೇ ಮಾತು ಬಂತು. ಐದನೆಯ ಮನೆಯ ಹೊಸ್ತಿಲಲ್ಲಿ ನಿಂತು ನಾನು ಆರನೆಯ ಕಾಲಂ ಎಳೆದೆ. ಹಿಂದಿನ ಮನೆಗಳಿಗೂ ತಿರುಗಿ ಹೋಗಿ ಕೇಳಿ ತುಂಬಿಸಿದೆ. ಒಂಬತ್ತರಲ್ಲಿ ಎಂಟು ಮನೆಗೆ ಟಿಕ್ ಬಿತ್ತು. ಒಂದು ಖಾಲಿ ಉಳಿಯಿತು, ಆ ಮನೆಯವರಿಗೆ ನೆನಪಿರಲಿಕ್ಕಿಲ್ಲ ಎಂದು ನಾನೇ ಸಮಾಧಾನ ಮಾಡಿಕೊಂಡೆ. ದೇವರಾಣೆ, ಆ ಟಿಕ್‌ಗಳ ಸಾಲು ನೋಡಿ ನನಗೆ ಖುಷಿಯಾಯಿತು. ವಸ್ತಿ ಶುರುವಾಗುವಲ್ಲಿಗೆ ಬಂದು, ಚಹಾದಂಗಡಿಯ ಮುಂದೆ ಸ್ಕೂಟಿ ನಿಲ್ಲಿಸಿ, ಆಶಾತಾಯಿಗೆ ಹಾಳೆ ತೋರಿಸಿದೆ. ಒಂಬತ್ತಕ್ಕೆ ಎಂಟು ನೋಡು ಎಂದೆ, ಗಟ್ಟಿಯಾಗಿಯೇ. ಚಹಾ ಕುಡಿಯುತ್ತ ಕೂತಿದ್ದ ನಾಲ್ಕಾರು ಜನ ಕತ್ತು ಉದ್ದ ಮಾಡಿ ನೋಡಿದರು.

ಡಾಕ್ಟರು ಹಾಳೆ ನೋಡಿ, ಇದೇನು ಆರನೆಯದು ಎಂದು ಕೇಳಿದರು. ಹೇಳಿದೆ. ಅವರು ಹುಬ್ಬು ಗಂಟಿಕ್ಕಿ, ಆಕೆಗೆ ಜ್ವರ ಇದೆಯೇ ಎಂದರು. ಆಕೆಯ ಮನೆಗೆ ನಾನು ಹೋಗಿಯೇ ಇರಲಿಲ್ಲ. ಆಕೆ ನನ್ನ ಪಟ್ಟಿಯಲ್ಲಿ ಒಂದು ಕಾಲಂ ಆಗಿದ್ದಳು, ಸಾಲಿನಲ್ಲಿ ಒಬ್ಬ ವ್ಯಕ್ತಿಯಾಗಿ ಇರಲಿಲ್ಲ.

ವಾರದೊಳಗೆ ಆಶಾತಾಯಿ ಬಂದು ನನ್ನ ಮೇಜಿನ ಮುಂದೆ ನಿಂತಳು. ಕುಂದ್ರು ಎಂದರೂ ಕೂರಲಿಲ್ಲ. ವಸ್ತಿಯಲ್ಲಿ ಈಗ ಎಲ್ಲರೂ ಒಂದೇ ಮಾತು ಆಡುತ್ತಿದ್ದಾರೆ, ಸರಕಾರಿ ಯಾದಿಯಲ್ಲೂ ಆಯಿಯ ಹೆಸರು ಬಂದಿದೆ ಎಂದು. ಯಾರೂ ಆಕೆಯನ್ನು ಹಟ್ಟಿಗೆ ಕರೆಯುತ್ತಿಲ್ಲ. ಮೊನ್ನೆ ಒಬ್ಬರ ಕುರಿ, ಮರಿ ಅಡ್ಡ ಸಿಕ್ಕಿಕೊಂಡು ಒದ್ದಾಡಿ, ಹೊಟ್ಟೆಯ ಎರಡು ಮರಿಗಳ ಸಮೇತ ಸತ್ತಿತು, ಆದರೂ ಕರೆಯಲಿಲ್ಲ. ಇಷ್ಟು ಹೇಳಿ, ಆಶಾತಾಯಿ ಮುಂದಿನದನ್ನು ಹೇಳಿದಳು.

"ಆಕಿ ಮಗಳು ಬಾಣಂತನಕ್ಕ ಬಂದಾಳ್ರಿ. ಕೂಸು ಹುಟ್ಟಿ ಹನ್ನೆರಡು ದಿನ ಆತು. ಆಯಿ ಇನ್ನೂ ಕೂಸು ಮುಟ್ಟಿಲ್ಲ. ನನ್ನ ಕೈ ಚಲೋ ಇಲ್ಲ ಅಂತ ಆಕಿನ ಅಂತಾಳ. ನಾನ ಹೋಗಿ ಕೂಸಿಗಿ ನೀರ ಹಾಕಿ ಬರಾಕ್ಹತ್ತೀನಿ."

ಅವಳು ಹೋದ ಮೇಲೆ ಬಹಳ ಹೊತ್ತು ಕೆಲಸದಲ್ಲಿ ಮುಖ ಹುದುಗಿಸಿ ಕೂತೆ. ಆ ದಿನ ಬಸುರಿಯರ ರಕ್ತಪರೀಕ್ಷೆ ಇತ್ತು. ನಾನು ಯಾವತ್ತೂ ಮಾಡುವ ಹಾಗೆ ಮೊದಲು ರೋಗ ಇದೆ ಎಂದು ಗೊತ್ತಿರುವ ಒಂದು ಹನಿ ಇಟ್ಟೆ, ಆಮೇಲೆ ರೋಗ ಇಲ್ಲ ಎಂದು ಗೊತ್ತಿರುವ ಒಂದು ಹನಿ. ಈ ಎರಡನೆಯದನ್ನು ನಾವು ನೆಗೆಟಿವ್ ಕಂಟ್ರೋಲ್ ಎನ್ನುತ್ತೇವೆ. ಅದು ಇಲ್ಲದಿದ್ದರೆ ಪರೀಕ್ಷೆಗೆ ಬೆಲೆ ಇಲ್ಲ. ಪರೀಕ್ಷೆಯ ದ್ರವವೇ ಕೆಟ್ಟು ಎಲ್ಲರ ರಕ್ತಕ್ಕೂ ಹೌದು ಹೌದು ಎನ್ನುತ್ತಿದ್ದರೆ, ನಮಗೆ ತಿಳಿಯುವುದು ಆ ಒಂದು ಹನಿಯಿಂದ. ತರಬೇತಿಗೆ ಬಂದ ಹುಡುಗಿಯರು ಅದನ್ನು ಬಿಟ್ಟರೆ ನಾನು ಅವರನ್ನು ಅಳಿಸಿಬಿಟ್ಟಿದ್ದೇನೆ.

ಪಿಪೆಟ್ ಕೈಯಲ್ಲೇ ನಿಂತಿತು. ನನ್ನ ಹಾಳೆಯಲ್ಲಿ ನೆಗೆಟಿವ್ ಕಂಟ್ರೋಲ್ ಎಲ್ಲಿದೆ? ಜ್ವರ ಬಂದ ಮನೆಗಳಿಗಷ್ಟೇ ಹೋಗಿ ಆಯಿ ಬಂದಿದ್ದಳೇ ಎಂದು ಕೇಳಿದ್ದೆ. ಜ್ವರ ಬಾರದ ಮನೆಗೆ ಒಂದು ಸಲವೂ ಹೋಗಿ ಕೇಳಿರಲಿಲ್ಲ. ಈಯುವ ದಿನಗಳಲ್ಲಿ ಆಕೆ ಎಲ್ಲರ ಹಟ್ಟಿಗೂ ಹೋಗುತ್ತಿದ್ದರೆ, ನನ್ನ ಎಂಟು ಟಿಕ್‌ಗಳ ಅರ್ಥವೇನು? ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಸಂಜೆ ಡಾಕ್ಟರ ಮುಂದೆ ಹೋಗಿ, ಪಟ್ಟಿ ಅರ್ಧ ಮಾತ್ರ ಆಗಿದೆ, ಉಳಿದರ್ಧಕ್ಕೆ ರಜೆಯ ದಿನ ಹೋಗುತ್ತೇನೆ ಎಂದೆ. ಆರೋಗ್ಯವಾಗಿರುವವರ ಮನೆಗೆ ಹೋಗಿ ಏನು ಕೇಳುತ್ತೀರಿ ಎಂದು ಅವರು ನಕ್ಕರು. ಕಾರಣ ಹೇಳಿದೆ. ನಗು ನಿಲ್ಲಿಸಿ, ನನಗಿದು ಮೊದಲೇ ಹೊಳೆಯಬೇಕಿತ್ತು ಎಂದರು. ಇಬ್ಬರೂ ಒಂದೇ ದೋಣಿಯಲ್ಲಿದ್ದೇವೆ ಎಂದು ನನಗೆ ಸ್ವಲ್ಪ ಹಗುರಾಯಿತು.

ಜ್ವರ ಇರುವ ಮನೆಯ ಬಾಗಿಲು ಬಡಿಯುವುದು ಸುಲಭ. ಜ್ವರ ಇಲ್ಲದ ಮನೆಯವರು ಹಾಳೆ, ಪೆನ್ನು ನೋಡಿದರೆ ಹೆದರುತ್ತಾರೆ. ಮೊದಲ ಮನೆಯ ಹೆಣ್ಣುಮಗಳು, ನಮ್ಮ ಹೆಸರು ಆ ಯಾದಿಯಲ್ಲಿ ಬರೆದರೆ ಜ್ವರ ಹುಡುಕಿಕೊಂಡು ಬರುತ್ತದೆ, ಹೋಗಿ ಎಂದು ಬಾಗಿಲು ಹಾಕಿಕೊಂಡಳು. ಅದೂ ನಾನೇ ಮಾಡಿಕೊಂಡದ್ದು. ಎರಡನೆಯ ಮನೆಯಲ್ಲಿ ಹಾಳೆಯನ್ನು ಚೀಲದಿಂದ ತೆಗೆಯದೆ, ಸುಮ್ಮನೆ ಹಟ್ಟಿಯ ಪಕ್ಕ ಕೂತು ಕುರಿಗಳ ಬಗ್ಗೆ ಕೇಳಿದೆ. ಆಯಿ ಈ ವರ್ಷ ಬಂದಿದ್ದಳೇ ಎಂದರೆ ಮನೆಯಾಕೆ ಅತ್ತಿತ್ತ ನೋಡಿ ಹೂಂ ಎಂದಳು.

"ಮರಿ ಅಡ್ಡ ಬಿದ್ದಿತ್ತು. ತಿರುವಿ ತಗದ್ಳು. ಜನಾ ಏನರ ಅನ್ಲಿ, ಆ ಎರಡೂ ಮರಿ ಆಕಿ ಕೈಯಿಂದನ ಬದಕ್ಯಾವು. ಅಗೋ ನೋಡ್ರಿ, ಹೆಂಗ ಜಿಗದಾಡತಾವು."

ನೋಡಿದೆ. ಮಾಡಗ್ಯಾಳ ತಳಿಯ, ಉದ್ದ ಕಾಲಿನ, ಗಿಳಿಮೂಗಿನ ಎರಡು ಮರಿಗಳು ಬೇಲಿ ಸುತ್ತ ಜಿಗಿಯುತ್ತಿದ್ದವು. ಜ್ವರದ ಒಂಬತ್ತು ಮನೆಗಳಲ್ಲಿ ನಾನು ಹೀಗೆ ಹಟ್ಟಿಯತ್ತ ಕಣ್ಣು ಹಾಯಿಸಿಯೇ ಇರಲಿಲ್ಲ. ಅಲ್ಲಿ ಮರಿಗಳು ಏನಾಗಿದ್ದವು?

ಮೂರು ರಜೆ ಹಿಡಿಯಿತು. ಜ್ವರ ಬಾರದ ಹದಿಮೂರು ಮನೆಗಳವರು ಮಾತಾಡಿದರು. ಅವುಗಳಲ್ಲಿ ಏಳು ಮನೆಗೆ ಆಯಿ ಹೋಗಿದ್ದಳು. ಆರು ಕಡೆ ಮರಿ ಜೀವಂತ ಹೊರಬಂದಿತ್ತು. ಅಲ್ಲಿಂದ ಜ್ವರದ ಒಂಬತ್ತು ಮನೆಗಳಿಗೆ ಮತ್ತೆ ಹೋಗಿ ಬೇರೆ ಪ್ರಶ್ನೆ ಕೇಳಿದೆ: ನಿಮ್ಮ ಕುರಿ ಮರಿ ಹಾಕಿತೇ, ಕಂದು ಹಾಕಿತೇ? ದಿನ ತುಂಬುವ ಮೊದಲೇ ಸತ್ತ ಮರಿ ಬೀಳುವುದಕ್ಕೆ ಇಲ್ಲಿ ಕಂದು ಹಾಕುವುದು ಎನ್ನುತ್ತಾರೆ. ಒಂಬತ್ತೂ ಮನೆಗಳಲ್ಲಿ ಕಂದು ಹಾಕಿದ್ದವು. ಕಂದು ಹಾಕಿದ ಕುರಿಗೆ ಮಾಸ ಬೀಳುವುದಿಲ್ಲ, ಮಾಸ ಬೀಳದಿದ್ದರೆ ಆಯಿಗೆ ಹೇಳಿ ಕಳಿಸುತ್ತಾರೆ. ಕೇಡು ಮೊದಲು ಬಂದಿತ್ತು, ಆಯಿ ಆಮೇಲೆ ಬಂದಿದ್ದಳು.

ನಾನು ಮರೆವು ಎಂದು ತಳ್ಳಿಹಾಕಿದ್ದ, ಟಿಕ್ ಬೀಳದ ಆ ಮನೆಗೆ ಕಡೆಗೆ ಹೋದೆ. ಅವರು ಏನನ್ನೂ ಮರೆತಿರಲಿಲ್ಲ. ಹೊಲದ ಬದುವಿನ ವಿಷಯದಲ್ಲಿ ಆಯಿಯ ಗಂಡನೊಂದಿಗೆ ಮಾತು ಬಿಟ್ಟಿದ್ದರು, ಆದ್ದರಿಂದ ಆಕೆಯನ್ನು ಕರೆದೇ ಇರಲಿಲ್ಲ. ಸತ್ತ ಮರಿಯನ್ನು ತಾವೇ ಎಳೆದು, ಮಾಸವನ್ನು ಬರಿಗೈಯಲ್ಲಿ ಎತ್ತಿ ಹಾಕಿದ್ದರು. ಜ್ವರ ಆ ಮನೆಗೂ ಬಂದಿತ್ತು. ನಾನು ಬರೆದುಕೊಳ್ಳುತ್ತಿರುವಾಗ ಮನೆಯೊಡತಿ ಲೋಟದಲ್ಲಿ ಹಾಲು ತಂದಳು. ಲೋಟ ಬೆಚ್ಚಗಿತ್ತು, ಆದರೆ ಹಾಲಿನಿಂದ ಹಬೆ ಏಳುತ್ತಿರಲಿಲ್ಲ. ಕಾಸಿದ್ದೇ ಎಂದು ಕೇಳಿದೆ.

"ಇಲ್ರಿ. ಮರಿ ಕಳಕೊಂಡ ಕುರಿ ಹಾಲು ಒಲಿ ಮ್ಯಾಲ ಇಡಬಾರದು. ಅದರ ಹೊಟ್ಟಿ ಮದಲ ಸುಟ್ಟೈತಿ, ಹಾಲೂ ಸುಟ್ರ ಹೆಂಗ?"

ಆ ಮಾತಿನಲ್ಲಿ ಎಷ್ಟು ಕರುಣೆ ಇತ್ತೆಂದರೆ, ಲೋಟ ಕೆಳಗಿಡಲು ನನಗೆ ಸಂಕಟವಾಯಿತು. ಮರಿ ಇಲ್ಲದೆ ಕೆಚ್ಚಲು ಬಿಗಿದ ಕುರಿಯನ್ನು ಕರೆದು, ಆ ಹಾಲನ್ನು ಹಾಗೆಯೇ ಮನೆಯವರೆಲ್ಲ ಹಂಚಿಕೊಂಡು ಕುಡಿಯುವುದು ಅಲ್ಲಿಯ ಪದ್ಧತಿ. ಕುರಿಯ ದುಃಖಕ್ಕೆ ಅವರು ತೋರಿಸುತ್ತಿದ್ದ ಮರ್ಯಾದೆ ಅದು. ಮತ್ತು ಮೊದಲ ಸುತ್ತಿನಲ್ಲಿ ಹಿರಿಯರ ಮನೆಯಲ್ಲಿ ನಾನು ಒಂದು ಲೋಟ ಪೂರ್ತಿ ಕುಡಿದಿದ್ದೆ. ಈ ಲೋಟದ ಹಾಲನ್ನು ಕುಡಿಯದೆ ಕೆಳಗಿಟ್ಟೆ.

ಉಳಿದಿದ್ದ ಒಂದೇ ಒಂದು ಮನೆ ನನ್ನ ಲೆಕ್ಕಕ್ಕೆ ಎದುರು ನಿಂತಿತ್ತು. ಜ್ವರ ಬಾರದ ಹದಿಮೂರರಲ್ಲಿ ಅದೂ ಒಂದು, ಉಣ್ಣೆ ವ್ಯಾಪಾರಿ ಸಾಬರ ಮನೆ. ಅವರ ಕುರಿಯೂ ಕಂದು ಹಾಕಿತ್ತು, ಆಯಿಯೂ ಹೋಗಿದ್ದಳು, ಆದರೆ ಯಾರಿಗೂ ಏನೂ ಆಗಿರಲಿಲ್ಲ. ವ್ಯಾಪಾರಿಯ ಹೆಂಡತಿಯನ್ನು ಹಾಲಿನ ಬಗ್ಗೆ ಕೇಳಿದರೆ, ನಮ್ಮಲ್ಲಿ ಹಸಿ ಹಾಲು ಯಾರಿಗೂ ಸೇರುವುದಿಲ್ಲ, ಮೂರು ಉಕ್ಕು ಬರುವ ತನಕ ಕಾಸುತ್ತೇವೆ ಎಂದಳು. ಸತ್ತ ಮರಿ ಏನು ಮಾಡಿದಿರಿ ಎಂದರೆ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿ, ಸುಣ್ಣ ಹಾಕಿ ಹೂಳಿದೆವು, ವಾಸನೆಗೆ ಹೇಸಿ ಎಂದಳು. ರೋಗದ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳ ಹೇಸಿಗೆ ಆ ಮನೆಯನ್ನು ಕಾಪಾಡಿತ್ತು.

ಎಲ್ಲವನ್ನೂ ಕೇಳಿದ ಡಾಕ್ಟರು ಅಲ್ಲಿಯೇ ದನದ ದವಾಖಾನೆಯ ಡಾಕ್ಟರಿಗೆ ಫೋನ್ ಮಾಡಿದರು. ಕುರಿಯಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲಾ ಇರಬಹುದು, ನೋಡಿ ಎಂದು ಆ ಕಡೆಯಿಂದ ಉತ್ತರ ಬಂತು. ಪರೀಕ್ಷೆಯ ಗುಲಾಬಿ ಬಣ್ಣದ ದ್ರವವನ್ನೂ ಅವರೇ ಕಳಿಸಿದರು. ನಾನು ಜ್ವರದವರ ರಕ್ತ ತೆಗೆದು, ತಿಳಿನೀರು, ಅಂದರೆ ಸೀರಂ, ಬೇರ್ಪಡಿಸಿ, ಬಿಳಿ ತಟ್ಟೆಯ ಮೇಲೆ ಅದರ ಒಂದು ಹನಿ, ದ್ರವದ ಒಂದು ಹನಿ ಸೇರಿಸಿ, ನಾಲ್ಕು ನಿಮಿಷ ತಟ್ಟೆಯನ್ನು ಮೆಲ್ಲಗೆ ಆಡಿಸಿದೆ. ಒಂದೊಂದಾಗಿ ಹನಿಗಳು ಒಡೆದ ಹಾಲಿನ ಹಾಗೆ ಕಾಳು ಕಾಳಾದವು, ಅಂದರೆ ರೋಗ ಇದೆ. ನೆಗೆಟಿವ್ ಕಂಟ್ರೋಲ್ ತಿಳಿಯಾಗಿಯೇ ಉಳಿಯಿತು. ನನ್ನ ರಕ್ತವನ್ನೂ ಇಟ್ಟೆ, ಅದೂ ತಿಳಿಯಾಗಿ ಉಳಿಯಿತು. ಅಂಥ ಉದ್ದದ ನಾಲ್ಕು ನಿಮಿಷ ನಾನು ಕಂಡಿಲ್ಲ. ಖಚಿತ ಮಾಡಿಕೊಳ್ಳಲು ಉಳಿದ ರಕ್ತವನ್ನು ಐಸ್ ಡಬ್ಬಿಯಲ್ಲಿ ಜಿಲ್ಲೆಯ ಲ್ಯಾಬಿಗೆ ಕಳಿಸಿದೆವು, ಅಲ್ಲಿಂದಲೂ ಅದೇ ಉತ್ತರ ಬಂತು.

ಆಯಿಯ ರಕ್ತ ತೆಗೆಯಲು ನಾನೇ ಹೋದೆ. ಆಕೆ ಅಂಗಳದ ಮೂಲೆಯಲ್ಲಿ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಒಳಗೆ ಕೂಸು ಅಳುತ್ತಿತ್ತು. ಕೈ ಕೊಡ್ರಿ ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ನನ್ನ ಕೈ ಮುಟ್ಟತೀರೇನ್ರಿ ನೀವು?"

ಮುಟ್ಟಿದೆ. ಮುಂಗೈಯವರೆಗೆ ಒರಟು, ಬೆರಳ ಗಂಟುಗಳು ಊದಿದ್ದವು. ಜ್ವರ ಬರುತ್ತದೆಯೇ ಎಂದರೆ, ಎರಡು ವರ್ಷದಿಂದ ಚಳಿಗಾಲಕ್ಕೆ ಬಂದು ಹೋಗುತ್ತದೆ, ವಯಸ್ಸಾಯಿತಲ್ಲ ಎಂದಳು. ಆರನೆಯ ಕಾಲಂ ಎಳೆದವಳು ನಾನೇ ಎಂದು ಆಗಲೇ ಹೇಳಿದೆ. ಆಕೆ ಕೋಪಗೊಳ್ಳಲಿಲ್ಲ. ಕೋಪಗೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಎಲ್ಲರಿಗಿಂತ ದಪ್ಪ ಕಾಳುಗಳು ಕಟ್ಟಿದ್ದು ಆಕೆಯ ಹನಿಯಲ್ಲೇ. ಇದು ನನಗೆ ಹೊಸ ತೊಡಕಾಯಿತು. ಆಕೆಯೇ ಹಂಚಿದಳು ಎನ್ನಲು ಇನ್ನೊಂದು ಪುರಾವೆ ಸಿಕ್ಕಿತು ಎನ್ನುತ್ತಾರಲ್ಲ? ಡಾಕ್ಟರು ಸರಳವಾಗಿ ಹೇಳಿದರು: ನಾನು ಹೋದಲ್ಲೆಲ್ಲ ರೋಗಿಗಳಿರುತ್ತಾರೆ, ಹಾಗಂತ ರೋಗ ನನ್ನಿಂದ ಬಂತೇ? ಕಂದು ಹಾಕಿದ ಪ್ರತಿಯೊಂದು ಕುರಿಯೊಳಗೆ ಕೈ ಹಾಕಿದವಳು ಆಕೆ. ಎಲ್ಲರಿಗಿಂತ ಹೆಚ್ಚು ರೋಗ ಆಕೆಗೇ ತಗಲಿದೆ. ಒಂದು ಹಟ್ಟಿಯಿಂದ ಇನ್ನೊಂದಕ್ಕೆ ತೊಳೆಯದ ಕೈಯಲ್ಲಿ ಹೋದರೆ ಕುರಿಗಳಿಗೆ ಅಪಾಯ ಇಲ್ಲವೆಂದಲ್ಲ, ಅದಕ್ಕೆ ಕೈಗವಸು ಮತ್ತು ಸಾಬೂನು ಕೊಡೋಣ. ಆದರೆ ಆಕೆ ಮುಟ್ಟಿದ ಮನುಷ್ಯರಿಗೆ ಜ್ವರ ಬರುವುದಿಲ್ಲ.

ಮುಂದಿನ ರವಿವಾರ ಬೆಳಿಗ್ಗೆ ಸಾಲೆಯ ಕಟ್ಟೆಯ ಮೇಲೆ ವಸ್ತಿಯವರನ್ನು ಸೇರಿಸಿದೆವು. ಡಾಕ್ಟರು ಮಾತಾಡಲಿ ಎಂದು ನನಗೆ ಆಸೆಯಿತ್ತು, ಆದರೆ ಕಾಲಂ ಎಳೆದವಳು ನಾನು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡು ವೃತ್ತ ಬರೆದೆ, ಒಂದು ಆಯಿ ಬಂದ ಮನೆಗಳಿಗೆ, ಒಂದು ಬಾರದ ಮನೆಗಳಿಗೆ. ಜ್ವರದ ಮನೆಗೆ ಒಂದು ಜೋಳದ ಕಾಳು, ಜ್ವರ ಇಲ್ಲದ ಮನೆಗೆ ಒಂದು ತೊಗರಿ. ಅವರವರ ಮನೆಯ ಕಾಳನ್ನು ಅವರವರೇ ಬಂದು ಇಡಬೇಕು ಎಂದೆ. ಆಯಿ ಬಂದ ವೃತ್ತದಲ್ಲಿ ಎಂಟು ಜೋಳ, ಏಳು ತೊಗರಿ ಬಿದ್ದವು. ಬಾರದ ವೃತ್ತದಲ್ಲಿ ಒಂದು ಜೋಳ, ಆರು ತೊಗರಿ. ಆಯಿ ಬಂದರೂ ಜ್ವರ ಬಾರದ ಮನೆಗಳು ಇಷ್ಟಿವೆ ಎಂದು ಜನ ಮೊದಲ ಸಲ ನೋಡಿದರು.

ಒಬ್ಬ ತರುಣ ಕುರಿಗಾರ ಬಗ್ಗಿ ಎಣಿಸಿ, ಆದರೂ ಆಯಿ ಬಂದಲ್ಲೇ ಜೋಳ ಜಾಸ್ತಿ ಇದೆಯಲ್ಲ ಎಂದ. ಜಾಣ ಹುಡುಗ, ಸರಿಯಾದ ಪ್ರಶ್ನೆ. ಹೌದು, ಜಾಸ್ತಿ ಇದೆ ಎಂದು ಒಪ್ಪಿಕೊಂಡು ವೃತ್ತಗಳನ್ನು ಅಳಿಸಿ ಬೇರೆ ಎರಡು ಬರೆದೆ. ಒಂದು, ಕಂದು ಹಾಕಿದ ಕುರಿಯ ಹಸಿ ಹಾಲು ಕುಡಿದ ಇಲ್ಲವೇ ಮಾಸವನ್ನು ಬರಿಗೈಯಲ್ಲಿ ಮುಟ್ಟಿದ ಮನೆಗಳಿಗೆ. ಇನ್ನೊಂದು ಉಳಿದವರಿಗೆ. ಕಾಳುಗಳನ್ನು ಮತ್ತೆ ಅವರೇ ಇಟ್ಟರು. ಒಂಬತ್ತೂ ಜೋಳ ಒಂದು ಕಡೆ ಬಿದ್ದವು, ಹದಿಮೂರೂ ತೊಗರಿ ಇನ್ನೊಂದು ಕಡೆ.

ಹಿರಿಯರು ಮಾತ್ರ ಬಿಡಲಿಲ್ಲ. ನಮ್ಮ ಅಜ್ಜನ ಕಾಲದಿಂದ ಈ ಹಾಲು ಕುಡಿಯುತ್ತಿದ್ದೇವೆ, ಆಗ ಯಾಕೆ ಬರಲಿಲ್ಲ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಸಂತೆಯಿಂದ ತಂದ ಟಗರಿನ ಜೊತೆ ಈಚೆಗೆ ಬಂದಿರಬಹುದು, ಅಥವಾ ಆಗಲೂ ಬಂದಿದ್ದು ವಾತ ಎಂದುಕೊಂಡಿರಬಹುದು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಒಮ್ಮೆ ಹೇಳಿ ಈ ವಸ್ತಿಗೆ ಅನ್ಯಾಯ ಮಾಡಿದ್ದೇನೆ, ಮತ್ತೊಮ್ಮೆ ಮಾಡಲಾರೆ ಎಂದು ಹೇಳಿ, ಆ ಹಾಳೆಯನ್ನು ಎಲ್ಲರಿಗೂ ತೋರಿಸಿದೆ. ಅರ್ಧ ಕೇಳಿ ಪೂರ್ತಿ ಬರೆದೆ, ತಪ್ಪು ನನ್ನದು, ಆಯಿಯದಲ್ಲ ಎಂದೆ. ಯಾರ ರಕ್ತದಲ್ಲಿ ಏನಿದೆ ಎಂದು ನಾನು ಹೇಳುವ ಹಾಗಿರಲಿಲ್ಲ. ಆದರೆ ಹಿಂದುಗಡೆ ಕೂತಿದ್ದ ಆಯಿ ತಾನಾಗಿ ಎದ್ದು ನಿಂತಳು.

"ನನಗೂ ಐತ್ರಿ ಅದ. ನಿಮ್ಮ ಕುರಿಗಳಿಂದನ ಬಂದೈತಿ."

ಅಷ್ಟು ಹೇಳಿ ಕೂತಳು. ಹಿರಿಯರು ಬಹಳ ಹೊತ್ತು ಕಾಳುಗಳನ್ನೇ ನೋಡಿದರು. ಆಮೇಲೆ ತಮ್ಮ ಕುರಿಯೊಂದು ಎರಡು ದಿನದಲ್ಲಿ ಈಯುವುದಿದೆ, ಬಾ ಎಂದು ಆಕೆಗೆ ಹೇಳಿದರು. ಕೇಳಿಕೊಂಡ ಹಾಗೆಯೂ ಇರಲಿಲ್ಲ, ಕ್ಷಮೆ ಬೇಡಿದ ಹಾಗೆಯೂ ಇರಲಿಲ್ಲ. ಇನ್ನು ಮೇಲೆ ಕೈಗವಸು ಇಲ್ಲದೆ ಬರುವುದಿಲ್ಲ ಎಂದು ಆಯಿ ಉತ್ತರ ಕೊಟ್ಟಳು. ಈ ಜ್ವರಕ್ಕೆ ಎರಡು ಬಗೆಯ ಮಾತ್ರೆ, ಆರು ವಾರ, ಒಂದು ದಿನವೂ ತಪ್ಪಿಸುವಂತಿಲ್ಲ ಎಂದು ಆಶಾತಾಯಿ ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳಿದಳು.

ನಾನು ಆಯಿಯ ಜೊತೆ ಆಕೆಯ ಮನೆಗೆ ಹೋದೆ. ಮಗಳು ಹೊಸ್ತಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಆಯಿ ಅಂಗಳದಲ್ಲೇ ನಿಂತು, ಕೂಸಿಗೆ ಏನೂ ಆಗುವುದಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಖರೇನ ಎಂದು ಮತ್ತೆ ಕೇಳಿದಳು. ಖರೆ ಎಂದೆ. ಆಕೆ ಬಚ್ಚಲ ಕಲ್ಲಿನ ಹತ್ತಿರ ಹೋಗಿ, ಮೊಣಕೈವರೆಗೆ ಸಾಬೂನು ಹಚ್ಚಿ ಮೂರು ಸಲ ತೊಳೆದಳು. ಕೈಗಳು ಒಣಗುವ ತನಕ ಬಿಸಿಲಿಗೆ ಹಿಡಿದು ನಿಂತಳು. ಆಮೇಲೆ ಬಂದು ಕೂಸನ್ನು ಎತ್ತಿಕೊಂಡಳು. ಎಷ್ಟೋ ಕುರಿಮರಿಗಳನ್ನು ಜಗತ್ತಿಗೆ ತಂದ ಆ ಕೈಗಳು ಒಂದಿಷ್ಟೂ ಅಳುಕಲಿಲ್ಲ. ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನಾನೂ ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ ಆಯಿ ನನ್ನ ಚೀಲದತ್ತ ಗದ್ದ ತೋರಿಸಿದಳು.

"ಆ ಹಾಳಿ ತಗೀರಿ. ಈ ಮನೀನೂ ಬರಕೊಳ್ರಿ. ಆಯಿ ಮುಟ್ಟಿದ್ಳು, ಜ್ವರಾ ಬರಲಿಲ್ಲ ಅಂತ."

ನನ್ನ ಚಾಳಿ ಎಲ್ಲಿ ಹೋಗುತ್ತದೆ? ಈಗಲೇ ಬರೆಯುವುದಿಲ್ಲ, ಒಂದು ತಿಂಗಳು ನೋಡಿ ಬರೆಯುತ್ತೇನೆ ಎಂದೆ. ಆಯಿ ನಕ್ಕಳು, ನಾನು ಆಕೆಯ ನಗು ಕಂಡದ್ದು ಅದೇ ಮೊದಲು. ಹಂಗ ಆಗಲಿ, ಸರಿಯಾಗಿ ನೋಡಿ ಬರೀರಿ ಎಂದಳು.

ತಿಂಗಳಾದ ಮೇಲೆ ಹೋದೆ. ಕೂಸು ದುಂಡಗಾಗಿತ್ತು, ಆಯಿಯ ತೊಡೆಯ ಮೇಲೆ ಮಲಗಿತ್ತು. ಅಲ್ಲೇ ಕೂತು ಬರೆದೆ.